68ನೇ ವಯಸ್ಸಲ್ಲಿ ಮೂರು ಸಾಲ, ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ:
ನಾನು ನಿವೃತ್ತನಾಗಿ 8 ವರ್ಷ ಆಯ್ತು. ಮಗನ ವ್ಯಾಪಾರಕ್ಕೆ ಮಾಡಿದ ಒಂದು ಸಾಲವಿದೆ. ಹೆಂಡತಿಯ ಆಪರೇಷನ್ನಿಗೆ ಬಳಸಿದ ಎರಡು ಕ್ರೆಡಿಟ್ ಕಾರ್ಡ್ ಬಾಕಿ ಇವೆ. ಪಿಂಚಣಿಯಲ್ಲಿ ಮುಕ್ಕಾಲು ಪಾಲು ಕಂತಿಗೇ ಹೋಗುತ್ತದೆ. ಕಾರ್ಡಿಗೆ ತಪ್ಪದೆ ಕನಿಷ್ಠ ಮೊತ್ತ ಕಟ್ಟುತ್ತೇನೆ, ಬಾಕಿ ಮಾತ್ರ ಹಾಗೇ ಇದೆ. ಫೋನ್ ಬಂದರೆ ಎದೆ ಹೊಡೆದುಕೊಳ್ಳುತ್ತದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಠೇವಣಿ ಮುರಿಯಲಾ? ಹೊಸ ಸಾಲ ತೆಗೆದು ಎಲ್ಲ ತೀರಿಸಲಾ?

ಉತ್ತರ 1:
ಸರ್, ಆ ಕನಿಷ್ಠ ಮೊತ್ತವೇ ನಿಮ್ಮನ್ನು ಕಟ್ಟಿಹಾಕಿರುವುದು. ಅದರಲ್ಲಿ ಬಹುಪಾಲು ಬಡ್ಡಿಗೇ ಹೋಗುತ್ತದೆ. ತಿಂಗಳಿಗೆ 3% ಬಡ್ಡಿ ಅಂದರೆ, ಬಡ್ಡಿ ಮೇಲೆ ಬಡ್ಡಿ ಸೇರಿ ವರ್ಷಕ್ಕೆ ಸುಮಾರು 42.6%. ಏನೂ ಕಟ್ಟದಿದ್ದರೆ 2 ವರ್ಷದಲ್ಲಿ ಬಾಕಿ ಎರಡರಷ್ಟಾಗುತ್ತದೆ. ನಿಮ್ಮ ಠೇವಣಿ ಅಷ್ಟು ದುಡಿಯುತ್ತಿಲ್ಲ ಅಲ್ವಾ? 6 ತಿಂಗಳ ಮನೆಖರ್ಚು, ಔಷಧಿಯ ದುಡ್ಡು ಎತ್ತಿಟ್ಟು, ಮಿಕ್ಕಿದ್ದರಲ್ಲಿ ಜಾಸ್ತಿ ಬಡ್ಡಿಯ ಕಾರ್ಡನ್ನು ಮೊದಲು ತೀರಿಸಿ. ಆ ಕಂತು ಉಳಿದಾಗ ಅದನ್ನು ಎರಡನೇ ಕಾರ್ಡಿಗೆ ಸೇರಿಸಿ.

ಉತ್ತರ 2:
ಹೊಸ ಸಾಲದ ಬಡ್ಡಿ ಕಡಿಮೆ ಇದ್ದರೆ ಸಾಲದು. ಅವಧಿ ಮುಗಿಯುವಷ್ಟರಲ್ಲಿ ಒಟ್ಟು ಎಷ್ಟು ಕಟ್ಟುತ್ತೀರಿ ಅಂತ ಕೂಡಿ ನೋಡಿ. ಮನೆಯನ್ನು ಮಾತ್ರ ಅಡವಿಡಬೇಡಿ.

ಉತ್ತರ 3:
ಅಣ್ಣಾ, ನನಗೆ 71. ನಾನೂ ನಾಲ್ಕು ವರ್ಷ ಮುಚ್ಚಿಟ್ಟಿದ್ದೆ. ಕೊನೆಗೆ ಎಲ್ಲ ಕಾಗದ ತಂದು ಮಗಳ ಮುಂದೆ ಇಟ್ಟೆ, ಅತ್ತೂಬಿಟ್ಟೆ. ಅವಳು ಬೈಯಲಿಲ್ಲ. ನನ್ನ ಜೊತೆ ಬ್ಯಾಂಕಿಗೆ ಬಂದಳು. ಕಂತು ತಪ್ಪುವ ಮೊದಲೇ ಹೋಗಿದ್ದರಿಂದ ಅವಧಿ ಹೆಚ್ಚಿಸಿ ಕಂತು ಇಳಿಸಿಕೊಟ್ಟರು. ವ್ಯಾಪಾರದ ಸಾಲ ಮಗನಿಗೂ ಸೇರಿದ್ದು. ಇವತ್ತೇ ಅವನನ್ನು ಕೂರಿಸಿ ಮಾತಾಡಿ.