ಅಪ್‌ಡೇಟ್: ಚಾರಣಕ್ಕೆ ಹಗುರವಾದ ಮ್ಯಾಟ್, ಕೊನೆಗೆ ಯಾವುದು ಸರಿಹೋಯ್ತು

ರಾತ್ರಿ ತಂಗುವ ಚಾರಣಕ್ಕೆ ಹಗುರವಾದ, ಕಡಿಮೆ ಬೆಲೆಯ ಮ್ಯಾಟ್ ಯಾವುದು ಅಂತ ಕೇಳಿದ್ದೆ. ಮಡಚುವ ಫೋಮ್ ಮ್ಯಾಟನ್ನೇ ತಗೊಂಡೆ. ಮುಳ್ಳು ಚುಚ್ಚಿದರೂ ಗಾಳಿ ಹೋಗುವ ಭಯವಿಲ್ಲ, ಅದೇ ದೊಡ್ಡ ನೆಮ್ಮದಿ.

ಎಲ್ಲಕ್ಕಿಂತ ಜಾಸ್ತಿ ಉಪಯೋಗವಾಗಿದ್ದು ಮ್ಯಾಟನ್ನು ಕತ್ತರಿಸಿ ಅಂದವರ ಸಲಹೆ. ಭುಜದಿಂದ ಮಂಡಿವರೆಗೆ ಸಾಕಾಗುವಷ್ಟು ಉಳಿಸಿಕೊಂಡು, ಮಿಕ್ಕಿದ್ದನ್ನು ಬ್ಲೇಡಿನಿಂದ ಕೊಯ್ದೆ. ಕಾಲಡಿಗೆ ಖಾಲಿ ಬ್ಯಾಗ್ ಹಾಸಿದೆ. ಕೊಯ್ದ ತುಂಡು ದಾರಿಯಲ್ಲಿ ಒದ್ದೆ ಬಂಡೆ ಮೇಲೆ ಕೂರೋಕೆ ಆಯ್ತು. ಸಲಹೆ ಕೊಟ್ಟವರಿಗೆ ತುಂಬಾ ಥ್ಯಾಂಕ್ಸ್!

ಬರೀ ಬಬಲ್ ಫಾಯಿಲ್ ಶೀಟ್ (ಗಾಳಿಗುಳ್ಳೆ ಇರುವ ತೆಳು ಹೊಳಪಿನ ಹಾಳೆ) ಸಾಕು ಅಂತ ಕೆಲವರು ಹೇಳಿದ್ದು ಮಾತ್ರ ನನಗೆ ಆಗಿಬರಲಿಲ್ಲ. ಸಣ್ಣ ಕಲ್ಲೂ ಬೆನ್ನಿಗೆ ಒತ್ತುತ್ತೆ, ಮಗ್ಗುಲಾದಾಗಲೆಲ್ಲ ಪರಪರ ಸದ್ದು.

ಹೊಸದಾಗಿ ತಿಳಿದದ್ದು ಇದು. ಸ್ಲೀಪಿಂಗ್ ಬ್ಯಾಗಿನ ತಳ ಮೈಭಾರಕ್ಕೆ ಒತ್ತಿಹೋಗಿ ಬಿಸಿ ಹಿಡಿಯಲ್ಲ. ನೆಲದ ಚಳಿ ತಡೆಯೋದು ಮ್ಯಾಟೇ. ಅದನ್ನು ಅಳೆಯೋದು ಆರ್-ವ್ಯಾಲ್ಯೂ, ಅದು ಜಾಸ್ತಿ ಇದ್ದಷ್ಟೂ ನೆಲದ ಚಳಿ ಚೆನ್ನಾಗಿ ತಡೆಯುತ್ತೆ. ಇಂಥ ಫೋಮ್ ಮ್ಯಾಟಿಗೆ ಸಾಮಾನ್ಯವಾಗಿ 2ರ ಆಸುಪಾಸು ಇರುತ್ತೆ. ಎರಡು ಮ್ಯಾಟ್ ಒಂದರ ಮೇಲೊಂದು ಹಾಸಿದರೆ ಎರಡರ ಆರ್-ವ್ಯಾಲ್ಯೂ ಕೂಡುತ್ತೆ! ಹಾಗಾಗಿ ಚಳಿ ಜಾಸ್ತಿ ಇರುವ ಕಡೆ ಹೋಗುವಾಗ ಇನ್ನೊಂದು ತೆಳು ಫೋಮ್ ಸೇರಿಸಿಕೊಂಡರೆ ಆಯ್ತು, ದುಬಾರಿ ಮ್ಯಾಟ್ ಬೇಕಿಲ್ಲ.

ಮಗ್ಗುಲಲ್ಲೇ ಮಲಗುವವರು ಮಾತ್ರ ಮೊದಲು ಮನೆಯಲ್ಲಿ ಬರಿ ನೆಲದ ಮೇಲೆ ಹಾಸಿ ನೋಡಿ. ಸೊಂಟದ ಹತ್ತಿರ ನೆಲ ತಾಗಿದ ಹಾಗೆ ಅನ್ನಿಸುತ್ತೆ.