ಪಾರ್ಸೆಲ್ ಕಳೆದರೆ ಕೈಗೆ ಬರುವುದೆಷ್ಟು? ವಿಮೆ ಮಾಡಿಸಿದವರು, ಮಾಡಿಸದವರು ಸ್ವಲ್ಪ ಹೇಳಿ

ಇಳಕಲ್ ಸೀರೆ, ಬಾಗಲಕೋಟೆ (ಕೇಳಿದವರು)

ಮನೆಯಿಂದಲೇ ಸೀರೆ ಮಾರುತ್ತೇನೆ. ಫೋನಲ್ಲಿ ಫೋಟೊ ಹಾಕುವುದು, ಯುಪಿಐನಲ್ಲಿ ದುಡ್ಡು ಬಂದ ಮೇಲೆ ಕಳಿಸುವುದು, ಇಷ್ಟೇ ವ್ಯಾಪಾರ. ತಿಂಗಳಿಗೆ ಮೂವತ್ತು–ನಲವತ್ತು ಪಾರ್ಸೆಲ್. ಹೋದ ತಿಂಗಳು ಒಂದು ಖಾಸಗಿ ಕೊರಿಯರ್‌ನಲ್ಲಿ ಪುಣೆಗೆ ಕಳಿಸಿದ ಸೀರೆ ತಲುಪಲೇ ಇಲ್ಲ. ಗೋಮಿ ದಡಿ, ಟೋಪ ತೆನಿ ಸೆರಗು, ₹6,500ರದ್ದು. ರಸೀದಿ ಮೇಲೆ ‘ಬೆಲೆ 6,500’ ಎಂದು ನಾನೇ ನಿಂತು ಬರೆಸಿದ್ದೆ. ಹದಿನೆಂಟು ದಿನ ಅಲೆದಾಡಿಸಿ ಕೊನೆಗೆ ‘ನಿಯಮದ ಪ್ರಕಾರ ₹100 ಬರುತ್ತದೆ ಮೇಡಂ’ ಅಂದರು. ಗಿರಾಕಿಗೆ ಪೂರಾ ದುಡ್ಡು ವಾಪಸ್ ಕೊಟ್ಟೆ. ಇನ್ನು ಅಂಚೆಗೇ ಹೋಗೋಣ ಅಂತ ಮಾಡಿದ್ದೇನೆ. ಅಲ್ಲಿ ವಿಮೆ ಇದೆಯಂತೆ. ಹೇಗೆ ಮಾಡಿಸುವುದು? ಎಲ್ಲ ಪಾರ್ಸೆಲ್‌ಗೂ ಬೇಕೇ?

ಹಳೆ ಪುಸ್ತಕ, ಧಾರವಾಡ

ಅಕ್ಕಾರ, ರಸೀದಿ ಮ್ಯಾಲೆ ಬೆಲೆ ಬರಸೂದು ಬ್ಯಾರೆ, ವಿಮೆ ಮಾಡ್ಸೂದು ಬ್ಯಾರೆ. ನೀವು ಬರಸಿದ್ದು ಬರೇ ಮಾಹಿತಿ. ಅದರ ಸಲುವಾಗಿ ರೊಕ್ಕ ಕಟ್ಟಿದ್ರ ಮಾತ್ರ ಅವರ ಮ್ಯಾಲೆ ಹೊಣಿ ಬೀಳತೈತಿ. ಅಂಚಿಯೊಳಗೂ ಹಂಗ. ವಿಮೆ ಇಲ್ಲದ ಸ್ಪೀಡ್ ಪೋಸ್ಟ್ ಕಳದ್ರ, ಕಟ್ಟಿದ ಶುಲ್ಕದ ಎರಡ್ ಪಟ್ಟು ಇಲ್ಲಾ ₹1,000, ಎರಡರಾಗ ಯಾವ್ದು ಕಡಿಮಿ ಅದು. ₹130 ಕಟ್ಟಿದ್ರ ₹260 ಬರತಾವು. ಒಳಗ ರೇಷ್ಮಿ ಸೀರಿ ಇರ್ಲಿ, ರದ್ದಿ ಪೇಪರ್ ಇರ್ಲಿ. ತಡಾ ಆದ್ರ ಕಟ್ಟಿದ ಶುಲ್ಕ ಅಷ್ಟ ವಾಪಸ್.

ನಾ ಭಾಳ ವರ್ಷ ಹಳೆ ಪುಸ್ತಕ ವಿಮೆ ಮಾಡಿಸಿ ಕಳಸ್ತಿದ್ದೆ, ರಿಜಿಸ್ಟರ್ಡ್ ಪಾರ್ಸೆಲ್ ಇದ್ದಾಗ. ಮಂಜರಪಾಟ ಬಟ್ಟಿ ಸುತ್ತಿ, ದಬ್ಬಣದಿಂದ ಹೊಲದು, ಹೊಲಿಗಿ ಮುಗಿಯೋ ಕಡೆ, ಗಂಟಿನ ಮ್ಯಾಲೆ, ಎಲ್ಲಾ ಕಡೆ ಅರಗು ಸುರಿದು ಮುದ್ರಿ ಒತ್ತಬೇಕು. ಎಲ್ಲಾದಕ್ಕೂ ಒಂದ ಬಣ್ಣದ ಅರಗು, ಒಂದ ಗುರ್ತು. ಮೊದಲ ಸಲ ನಾ ಎಂಟಾಣೆ ಒತ್ತಿ ಒಯ್ದಿದ್ದೆ. ಕೌಂಟರಿನ ಹಿರ್ಯಾರು ನಕ್ಕು ವಾಪಸ್ ಕಳಿಸಿದ್ರು. ‘ಎಂಟಾಣೆ ಎಲ್ಲಾರ ಕಿಸೇದಾಗೂ ಇರತೈತಿ ತಮ್ಮಾ, ಬಿಚ್ಚಿ ಮತ್ತ ಒತ್ತಿದ್ರ ಗೊತ್ತಾಗೂದು ಹ್ಯಾಂಗ?’ ಆಮ್ಯಾಲೆ ಪತ್ತಾರ ಕಡೆ ಹೋಗಿ ನನ್ನ ಹೆಸರಿನ ಮೊದಲ ಎರಡ್ ಅಕ್ಷರ ಕೆತ್ತಿಸಿ ಹಿತ್ತಾಳಿ ಮುದ್ರಿ ಮಾಡಿಸಿದೆ. ಈಗೂ ಟೇಬಲ್ ಮ್ಯಾಲೆ ಐತಿ, ಪೇಪರ್ ಹಾರಬಾರದಂತ ಇಟ್ಟೇನಿ.

ನಾ ಕಟ್ಟೂ ಮುಂದ ದರ ಹಿಂಗಿತ್ತು: ₹200ರ ತನಕ ₹10, ಮುಂದಿನ ಪ್ರತಿ ₹100ಕ್ಕ ₹6. ನಿಮ್ಮ ಸೀರಿಗೆ ಹಚ್ಚಿ ನೋಡ್ರಿ, ₹388. ಈಗಿನ ದರ ಕೌಂಟರಿನ್ಯಾಗ ಕೇಳಿ ಬರಸ್ಕೊಳ್ರಿ. ಹೆಡ್ ಪೋಸ್ಟಿಗೇ ಹೋಗ್ರಿ, ಹಳ್ಳಿ ಬ್ರಾಂಚಿನಾಗ ವಿಮಾ ಮಿತಿ ಭಾಳ ಸಣ್ಣದು. ಖರೇ ಬೆಲೆಗಿಂತ ಹೆಚ್ಚಿಗೆ ಮಾಡಿಸಾಕ ಬರೂದಿಲ್ಲ. ಹಂಗಂತ ಬಿಲ್ ಇಲ್ಲದ ಸಾಮಾನಿಗೆ ಮಾಡಿಸಿದ್ರ ಕ್ಲೇಮಿನ ಟೈಮಿಗೆ ಬೆಲೆ ತೋರ್ಸೂದು ಹ್ಯಾಂಗ? ಬಿಲ್ ಮಾಡಿ ಇಟ್ಕೊರಿ.

ಕಾಟನ್ ಕುರ್ತಾ, ಬೆಂಗಳೂರು

ನಾನು ಉಲ್ಟಾ ಹೇಳ್ತೀನಿ, ಬೈಬೇಡಿ. ಎಲ್ಲದಕ್ಕೂ ವಿಮೆ ಮಾಡಿಸೋದು ದಂಡ. ನನ್ನ ಕುರ್ತಾ ಒಂದಕ್ಕೆ ₹1,500. ಮೇಲಿನವರು ಕೊಟ್ಟ ದರದಲ್ಲೇ ಹಾಕಿದ್ರೂ ವಿಮೆಗೆ ₹88. ನೂರು ಪಾರ್ಸೆಲ್‌ಗೆ ₹8,800. ನೂರಕ್ಕೆ ಆರು ಕಳೆದುಹೋದರೆ ಮಾತ್ರ ಗಿಟ್ಟೋ ಲೆಕ್ಕ ಇದು. ಎರಡು ವರ್ಷದಲ್ಲಿ ಅಂದಾಜು ಒಂಬೈನೂರು ಪಾರ್ಸೆಲ್ ಕಳಿಸಿದೀನಿ. ಅಲ್ಲಿ ಇಲ್ಲಿ ಎಲ್ಲಾ ಸೇರಿ ಪತ್ತೆಯಿಲ್ಲದೆ ಹೋಗಿದ್ದು ನಾಲ್ಕು.

ಅದಕ್ಕೆ ನನ್ನದು ಸಾಸಿವೆ ಡಬ್ಬಿ ವಿಮೆ. ಪ್ರತಿ ಪಾರ್ಸೆಲ್‌ಗೆ ₹15 ಎತ್ತಿಟ್ಟು ಬೇರೆ ಖಾತೆಗೆ ಹಾಕ್ತೀನಿ, ಸಾಗಣೆ ಖರ್ಚಿನಲ್ಲೇ ಸೇರಿಸಿ ವಸೂಲಿ ಮಾಡಿರ್ತೀನಿ. ಒಂಬೈನೂರಕ್ಕೆ ₹13,500 ಆಯ್ತು, ನಾಲ್ಕು ಕುರ್ತಾದ ₹6,000 ಅದರಲ್ಲೇ ಕೊಟ್ಟೆ. ಗಿರಾಕಿ ಜೊತೆ ಮಾತಿಲ್ಲ ಕಥೆಯಿಲ್ಲ, ಅದೇ ದಿನ ರೀಫಂಡ್. ಅದರಿಂದ ಸಿಕ್ಕಿರೋ ಹೆಸರಿಗೆ ಬೆಲೆ ಕಟ್ಟೋಕಾಗಲ್ಲ.

ಹಳೆ ಪುಸ್ತಕ, ಧಾರವಾಡ

ಡಬ್ಬಿ ಲೆಕ್ಕ ₹1,500ಕ್ಕ ಚಲೋ ಐತ್ರಿ. ₹18,000 ಸೀರಿ ಕಳದ್ ದಿನ ಡಬ್ಬಿ ಪೂರಾ ಬಗ್ಗಿಸಿದ್ರೂ ಸಾಲತೈತೇನು? ನಾನೂ ಸಾವಿರದ ಪುಸ್ತಕಕ್ಕ ವಿಮೆ ಮಾಡಿಸೂದಿಲ್ಲ. ಮತ್ತೊಂದು ಸಿಗದಂಥಾ ಪುಸ್ತಕಕ್ಕ ಮಾಡಸ್ತೇನಿ. ಗೆರಿ ಎಲ್ಲಿ ಎಳೀಬೇಕು ಅನ್ನೂದು ಅವರವರ ಗಲ್ಲಾಪೆಟಗಿ ನೋಡಿ.

ಕಾಟನ್ ಕುರ್ತಾ, ಬೆಂಗಳೂರು

ಅದನ್ನ ಒಪ್ತೀನಿ ಸರ್. ₹18,000 ಆದ್ರೆ ನಾನೇ ಬಸ್ ಹತ್ತಿ ಕೊಟ್ಟು ಬರ್ತೀನಿ. ತಿಂಗಳು ತಿಂಗಳು ದುಬಾರಿ ಮಾಲು ಹೋಗೋರು ಸಾಮಾನ್ಯ ವಿಮಾ ಕಂಪನಿಗಳಲ್ಲಿ ‘ಇನ್‌ಲ್ಯಾಂಡ್ ಟ್ರಾನ್ಸಿಟ್’ (ದೇಶದೊಳಗಿನ ಸಾಗಣೆ) ಪಾಲಿಸಿ ವಿಚಾರಿಸಿ. ಹಡಗೇ ಇಲ್ಲದಿದ್ರೂ ಮರೈನ್ (ಸಮುದ್ರದ) ವಿಮೆ ಅಂತಲೇ ಕರೀತಾರೆ, ಗಾಬರಿ ಬೀಳಬೇಡಿ. ಕಳ್ಳತನ, ಕಳೆದುಹೋಗೋದು ಅದರಲ್ಲಿ ಸೇರಿದೆಯಾ ಅಂತ ಓದಿ ಸಹಿ ಹಾಕಿ. ಬರೀ ಬೆಂಕಿ, ಗಾಡಿ ಪಲ್ಟಿಗೆ ಸೀಮಿತವಾದ ಅಗ್ಗದ್ದೂ ಇರುತ್ತೆ.

ಅಪ್ಪೆಮಿಡಿ ಉಪ್ಪಿನಕಾಯಿ, ಶಿರಸಿ

ವಿಮೆ ಇದ್ದರೂ ನಮ್ಮ ತಪ್ಪಿಗೆ ಯಾರೂ ದುಡ್ಡು ಕೊಡುವುದಿಲ್ಲ, ಇದು ನೆನಪಿರಲಿ. ಪ್ಯಾಕಿಂಗ್ ಸರಿಯಿಲ್ಲದೆ ಹಾಳಾದರೆ, ತಾನಾಗಿ ಕೆಡುವ ವಸ್ತುವಾದರೆ ಕ್ಲೇಮ್ ನಿಲ್ಲುವುದಿಲ್ಲ.

ನನ್ನ ಕಥೆ ಕೇಳಿ. ಜುಲೈ ತಿಂಗಳು, ಎರಡು ಕಿಲೋ ಮಿಡಿ. ಮುಚ್ಚಳದ ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಕಲು ಮರೆತೆ. ಎಣ್ಣೆ ಸೋರಿ ರಟ್ಟು ತೋಯ್ದು, ಹೊರಗೆ ಜೆಲ್ ಪೆನ್ನಿನಲ್ಲಿ ಬರೆದ ವಿಳಾಸ ನೀಲಿ ಕಲೆಯಾಗಿ ಉಳಿದಿತ್ತಂತೆ. ಟ್ರ್ಯಾಕಿಂಗ್ ಒಂದೇ ಊರಲ್ಲಿ ನಿಂತುಬಿಟ್ಟಿತು. ನಲವತ್ತು ದಿನವಾದ ಮೇಲೆ, ಆಸೆ ಬಿಟ್ಟಿದ್ದಾಗ, ಡಬ್ಬಿ ಮನೆಗೇ ವಾಪಸ್ ಬಂತು. ಒಳಗೆ ಪ್ಲಾಸ್ಟಿಕ್ ಕವರಿನಲ್ಲಿ ನಮ್ಮ ವಿಳಾಸ, ಗಿರಾಕಿ ವಿಳಾಸ ಎರಡನ್ನೂ ಪೆನ್ಸಿಲ್ಲಿನಲ್ಲಿ ಬರೆದ ಚೀಟಿ ಇಟ್ಟಿದ್ದೆ. ವಿಳಾಸ ಓದಲು ಬಾರದ ಪಾರ್ಸೆಲ್ಲುಗಳು ರಿಟರ್ನ್ಡ್ ಲೆಟರ್ ಆಫೀಸಿಗೆ ಹೋಗುತ್ತವೆ. ಬಿಚ್ಚಿ ನೋಡುವ ಅಧಿಕಾರ ಅವರಿಗಿದೆ. ಚೀಟಿ ಇದ್ದರೆ ವಾಪಸ್ ಬರುತ್ತದೆ, ಇಲ್ಲದಿದ್ದರೆ ಅದು ಯಾರದ್ದು ಎಂದು ಹೇಳುವವರಾರು? ಸೀರೆ ಮಡಿಕೆಯೊಳಗೇ ಒಂದು ಚೀಟಿ ಇಡಿ ಅಕ್ಕಾ. (ಮಿಡಿ ಏನಾಯಿತು ಎನ್ನುತ್ತೀರಾ? ನಾವೇ ತಿಂದೆವು, ಏನೂ ಆಗಿರಲಿಲ್ಲ!)

ಕಾಫಿಪುಡಿ, ಮೈಸೂರು

ಕಳೆದುಹೋಗುವ ಪಾರ್ಸೆಲ್‌ಗಿಂತ ‘ಡೆಲಿವರ್ಡ್’ ಅಂತ ತೋರಿಸಿ ಗಿರಾಕಿಗೆ ಸಿಗದ ಪಾರ್ಸೆಲ್ ನನ್ನ ತಲೆ ಹೆಚ್ಚು ತಿಂದಿದೆ. ಇಂಥದಕ್ಕೆ ಪರಿಹಾರ ಕೇಳೋಕೂ ಆಗಲ್ಲ, ದಾಖಲೆಯಲ್ಲಿ ಅದು ತಲುಪಿದೆ. ಸಲ ಸಲವೂ ಅಪಾರ್ಟ್‌ಮೆಂಟ್ ಸೆಕ್ಯುರಿಟಿ ಹತ್ತಿರವೋ, ಎದುರುಮನೆಯಲ್ಲೋ ಇರುತ್ತೆ.

2025ರ ಅಕ್ಟೋಬರ್ 1ರಿಂದ ಸ್ಪೀಡ್ ಪೋಸ್ಟ್‌ನಲ್ಲಿ ಎರಡು ಸೌಲಭ್ಯ ಬಂದಿವೆ. ಒಂದು ಒಟಿಪಿ ಡೆಲಿವರಿ, ಗಿರಾಕಿ ಮೊಬೈಲಿಗೆ ಬಂದ ಒಟಿಪಿ ಹೇಳಿದರೆ ಮಾತ್ರ ಪಾರ್ಸೆಲ್ ಕೈಗೆ ಸಿಗುತ್ತೆ. ಇನ್ನೊಂದು ರಿಜಿಸ್ಟ್ರೇಷನ್, ವಿಳಾಸದಾರರಿಗೋ ಅವರು ಅಧಿಕಾರ ಕೊಟ್ಟವರಿಗೋ ಮಾತ್ರ ಕೊಡುವುದು. ಒಂದೊಂದಕ್ಕೂ ₹5, ಮೇಲೆ ಜಿಎಸ್‌ಟಿ. ಹಳೆಯ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟ್ ಒಳಗೆ ಸೇರಿಸಿದರಲ್ಲ, ಆಗ ಬಂದದ್ದು. ನನ್ನ ಮಟ್ಟಿಗೆ ₹388 ವಿಮೆಗಿಂತ ಈ ₹5 ಹೆಚ್ಚು ಕೆಲಸ ಮಾಡಿದೆ. ಒಟಿಪಿ ಹಾಕಲು ಶುರು ಮಾಡಿದ ಮೇಲೆ ‘ಬಂದಿಲ್ಲ’ ಅನ್ನುವ ಫೋನು ಒಂದೂ ಬಂದಿಲ್ಲ. ಬುಕ್ ಮಾಡುವಾಗ ಗಿರಾಕಿ ಮೊಬೈಲ್ ನಂಬರ್ ತಪ್ಪಬಾರದು ಅಷ್ಟೇ.

ವಕೀಲಿ, ಮಂಗಳೂರು

ಎರಡು ವಿಷಯ ಬೆರಕೆಯಾಗುತ್ತಿದೆ, ಬಿಡಿಸಿ ಹೇಳುತ್ತೇನೆ. ಅಂಚೆಯ ಹೊಣೆ ಕಾನೂನಿನಲ್ಲೇ ಸೀಮಿತ. 1898ರ ಅಂಚೆ ಕಾಯ್ದೆಯ 6ನೇ ಸೆಕ್ಷನ್ ಅದನ್ನು ಹೇಳುತ್ತಿತ್ತು. 2024ರ ಜೂನ್ 18ರಿಂದ ಜಾರಿಗೆ ಬಂದ ಹೊಸ ಕಾಯ್ದೆಯ 10ನೇ ಸೆಕ್ಷನ್ ಕೂಡ ನಿಯಮದಲ್ಲಿ ಹೇಳಿದಷ್ಟಕ್ಕೆ ಮಾತ್ರ ಹೊಣೆ ಎನ್ನುತ್ತದೆ. ಹಾಗಾಗಿ ‘ಸೀರೆ ಬೆಲೆ ಪೂರ್ತಿ ಕೊಡಿ’ ಎಂದು ವಿಮೆ ಇಲ್ಲದೆ ಅಂಚೆಯ ಮೇಲೆ ಹೋಗುವುದು ಕಷ್ಟದ ದಾರಿ.

ಖಾಸಗಿ ಕೊರಿಯರ್‌ಗೆ ಆ ಕವಚ ಇಲ್ಲ, ಅವರದು ಒಪ್ಪಂದ. ರಸೀದಿಯ ಹಿಂಬದಿಯ ಸಣ್ಣಕ್ಷರ ಇದೆಯಲ್ಲ, ಅದೇ. ಭಾರತಿ ನಿಟ್ಟಿಂಗ್ ಕಂಪನಿ ಮತ್ತು ಡಿಎಚ್‌ಎಲ್ ನಡುವಿನ 1996ರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಸಹಿ ಹಾಕಿದ ಕನ್ಸೈನ್‌ಮೆಂಟ್ ನೋಟಿನಲ್ಲಿ (ಕೊರಿಯರ್ ರಸೀದಿಯಲ್ಲಿ) ಹೊಣೆ 100 ಡಾಲರ್ ಎಂದಿದ್ದರೆ ಅದಕ್ಕೇ ಬದ್ಧ ಎಂದಿತು. ಆದ್ದರಿಂದ ನಿಮ್ಮ ರಸೀದಿ ತೆಗೆದು ನೋಡಿ. ಆ ₹100ರ ಷರತ್ತು ಅದರಲ್ಲಿ ಉಂಟಾ? ಅದರ ಕೆಳಗೆ ನಿಮ್ಮ ಸಹಿ ಉಂಟಾ? ಸಹಿ ಇಲ್ಲ, ಷರತ್ತನ್ನು ತೋರಿಸಿಯೇ ಇಲ್ಲ ಎಂದಾದರೆ ವಾದಕ್ಕೆ ಜಾಗವಿದೆ. ಆ ₹100 ಈಗಲೇ ತೆಗೆದುಕೊಂಡು ‘ಪೂರ್ಣ ಇತ್ಯರ್ಥ’ ಎಂದು ಬರೆದುಕೊಡಬೇಡಿ. ಮೊದಲು 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಹಾಕಿ. ಎಷ್ಟೋ ಸಲ ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಎರಡು ವರ್ಷದೊಳಗೆ ಹೋಗಬೇಕು, ₹5 ಲಕ್ಷದವರೆಗೆ ಶುಲ್ಕವಿಲ್ಲ. ‘ನೀವು ವ್ಯಾಪಾರಿ, ಗ್ರಾಹಕರೇ ಅಲ್ಲ’ ಎಂಬ ಮಾತು ಎದುರಿನಿಂದ ಬಂದೇ ಬರುತ್ತದೆ. ಇದು ಮನೆಯಿಂದ ಒಬ್ಬಳೇ ದುಡಿಯುವ ಜೀವನೋಪಾಯ ಎಂದು ಮೊದಲ ಪ್ಯಾರಾದಲ್ಲೇ ಬರೆಯಿರಿ.

ಇನ್ನೊಂದು, ಗಿರಾಕಿಗೆ ಹಣ ವಾಪಸ್ ಕೊಟ್ಟದ್ದು ಸರಿಯೇ. ಅವರಿಗೆ ಸಿಗದ ಸೀರೆಯ ಜಗಳ ನಿಮ್ಮ ಮತ್ತು ಕೊರಿಯರ್ ನಡುವಿನದು.

ಹಳೆ ಪುಸ್ತಕ, ಧಾರವಾಡ

ಅಂಚಿ ದೂರಿನ ದಾರೀನೂ ಇಲ್ಲೇ ಬರದ್ ಬಿಡ್ತೇನಿ. ಟ್ರ್ಯಾಕಿಂಗ್ ನಂಬರಿಗೆ ಹದಿಮೂರು ಅಕ್ಷರ, ಕಡೀಕ ಐಎನ್ ಇರತೈತಿ. ಅದನ್ನ ಇಟ್ಕೊಂಡು 1800 266 6868ಕ್ಕ ಫೋನ್ ಮಾಡ್ರಿ, ಇಲ್ಲಾ ವೆಬ್‌ಸೈಟಿನ್ಯಾಗ ದೂರು ಹಾಕಿ ಅದರ ನಂಬರ್ ಬರದ್ ಇಟ್ಕೊರಿ. ಅಲ್ಲಿ ಮುಗೀಲಿಲ್ಲ ಅಂದ್ರ ದೂರು ಕೇಳಾಕಂತ ಅಂಚೆ ಅದಾಲತ್ ನಡೀತಾವು, ಅರ್ಜಿ ಕೊಡ್ರಿ. ದೂರು ತಡಾ ಮಾಡಬ್ಯಾಡ್ರಿ, ‘ಇವತ್ತು ಬರಬಹುದು, ನಾಳೆ ಬರಬಹುದು’ ಅಂತ ಕುಂತ್ರ ಅವಧಿ ದಾಟತೈತಿ. ಮತ್ತ ಗಿರಾಕಿಗೆ ಹೇಳಿ ಇಡ್ರಿ: ಮೂಲಿ ಹರದಿದ್ರ, ಮುದ್ರಿ ಒಡದಿದ್ರ ಸಹಿ ಹಾಕೂ ಮೊದಲ ತೂಕಾ ಮಾಡಿಸಿ ನೋಡ್ರಿ ಅಂತ. ರಸೀದಿ ಮ್ಯಾಲೆ ಗ್ರಾಂ ಲೆಕ್ಕದಾಗ ತೂಕ ಇರತೈತಿ, ಅದ ನಮ್ಮ ಸಾಕ್ಷಿ. ಸಹಿ ಹಾಕಿ ಒಳಗ ಒಯ್ದ ಮ್ಯಾಲೆ ‘ಒಳಗ ಖಾಲಿ ಇತ್ತು’ ಅಂದ್ರ ಯಾರ್ ನಂಬ್ತಾರು?

ಲೆಕ್ಕಪತ್ರ ನೋಡುವವನು, ದಾವಣಗೆರೆ

ಜಿಎಸ್‌ಟಿ ನೋಂದಣಿ ಇದ್ದವರಿಗೆ ಒಂದೇ ಮಾತು. ಕಳೆದುಹೋದ ಮಾಲಿನ ಮೇಲೆ ತೆಗೆದುಕೊಂಡ ಇನ್‌ಪುಟ್ ಕ್ರೆಡಿಟ್ (ಮಾಲು ಕೊಳ್ಳುವಾಗ ಕಟ್ಟಿದ ತೆರಿಗೆಯ ವಜಾ) ವಾಪಸ್ ಮಾಡಬೇಕು, ಕೇಂದ್ರ ಜಿಎಸ್‌ಟಿ ಕಾಯ್ದೆಯ ಸೆಕ್ಷನ್ 17(5)(ಎಚ್). ನಷ್ಟದ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಎಲ್ಲರೂ ಮರೆಯುವುದು ಇದನ್ನೇ.

ಇಳಕಲ್ ಸೀರೆ, ಬಾಗಲಕೋಟೆ

ಎಲ್ಲರಿಗೂ ಶರಣು. ರಸೀದಿ ಹುಡುಕಿ ತೆಗೆದೆ. ಹಿಂಬದಿಯ ಅಕ್ಷರ ಓದಲು ಅವ್ವನ ಕನ್ನಡಕ ಬೇಕಾಯಿತು. ಷರತ್ತು ಇದೆ, ‘ಕಳಿಸುವವರ ಸಹಿ’ ಅನ್ನುವ ಜಾಗ ಖಾಲಿ ಇದೆ. ₹100 ತೆಗೆದುಕೊಂಡಿಲ್ಲ. 1915ಕ್ಕೆ ಈಗಷ್ಟೇ ಫೋನ್ ಹಚ್ಚಿದೆ, ದೂರಿನ ನಂಬರ್ ಕೊಟ್ಟರು.

₹3,000ದೊಳಗಿನ ಹತ್ತಿ ಸೀರೆಗೆ ಡಬ್ಬಿ ಲೆಕ್ಕ ಮಾಡುತ್ತೇನೆ, ಒಟಿಪಿ ಎಲ್ಲದಕ್ಕೂ. ರೇಷ್ಮೆಗೆ ವಿಮೆ. ನಾಳೆ ಹುಬ್ಬಳ್ಳಿಗೆ ಹೋಗುವುದೊಂದು ಇದೆ, ಕಿರಾಣಿ ತಕ್ಕಡಿಯಲ್ಲಿ ತೂಗಿದೆ, ಚೀಟಿ ಸೇರಿ 640 ಗ್ರಾಂ. ಧಾರವಾಡದ ಅಣ್ಣಾರ, ಈಗಲೂ ಅರಗು ಕೇಳುತ್ತಾರೋ ಇಲ್ಲವೋ, ಒಂದು ಕಡ್ಡಿ ತಂದಿಟ್ಟುಕೊಂಡಿರುತ್ತೇನೆ. ಎಲ್ಲಿ ಸಿಗುತ್ತದೆ?

ಹಳೆ ಪುಸ್ತಕ, ಧಾರವಾಡ

ಸ್ಟೇಶನರಿ ಅಂಗಡಿಯಾಗ ‘ಸೀಲಿಂಗ್ ವ್ಯಾಕ್ಸ್’ ಅನ್ರಿ, ಕೆಂಪು ಕಡ್ಡಿ ಕೊಡ್ತಾರು. ಕಾಯಿಸಿ ಸುರೀವಾಗ ಸೀರಿ ದೂರ ಇರ್ಲಿ.