ಕ್ಯಾಂಪೇನ್ ನೋಟ್ಸ್ ಹೇಗೆ ಜೋಡಿಸಿಕೊಳ್ಳುತ್ತೀರಿ? ಅನುಭವ ಹೇಳಿ

ಪ್ರಶ್ನೆ: ಗೆಳೆಯರಿಗಾಗಿ ಡಂಜನ್ಸ್ ಅಂಡ್ ಡ್ರಾಗನ್ಸ್ (ಟೇಬಲ್ ಸುತ್ತ ಕೂತು ಪಾತ್ರ ವಹಿಸಿ ಆಡುವ ಕಥೆಯಾಟ) ಕ್ಯಾಂಪೇನ್, ಅಂದರೆ ಹಲವು ಸಲ ಕೂತು ಆಡುವ ಒಂದು ಉದ್ದನೆಯ ಕಥೆ, ನಡೆಸುತ್ತಿದ್ದೇನೆ. ಐದು ಜನ ಆಟಗಾರರು, ಜಗತ್ತು ನನ್ನದೇ ಕಲ್ಪನೆ. ನೋಟ್ಸ್ ಒಂದಿಷ್ಟು ಗೂಗಲ್ ಡಾಕ್ಸ್‌ನಲ್ಲಿ, ಒಂದಿಷ್ಟು ನೋಟ್‌ಬುಕ್‌ನಲ್ಲಿ, ಇನ್ನೊಂದಿಷ್ಟು ವಾಟ್ಸಾಪ್‌ನಲ್ಲಿ ನನಗೆ ನಾನೇ ಕಳಿಸಿಕೊಂಡ ಮೆಸೇಜ್‌ಗಳಲ್ಲಿ. ಆಟದ ಮಧ್ಯೆ ಹುಡುಕಿದರೆ ಯಾವುದೂ ಸಿಗಲ್ಲ. ನೀವೆಲ್ಲ ಹೇಗೆ ಇಟ್ಟುಕೊಳ್ಳುತ್ತೀರಿ? ಯಾವ ಆ್ಯಪ್ ಒಳ್ಳೆಯದು?

ಉತ್ತರ: ಆ್ಯಪ್ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದು ಅಷ್ಟು ದೊಡ್ಡ ವಿಷಯವಲ್ಲ.

ಗೇಮ್ ಮಾಸ್ಟರ್ (ಜಿಎಂ), ಅಂದರೆ ಆಟ ನಡೆಸುವವರು, ಬರೆಯುವುದರಲ್ಲಿ ಎರಡು ಬಗೆ ಇದೆ. ಒಂದು, ಮನೆಯಲ್ಲಿ ಕೂತು ಯೋಚಿಸಿದ್ದು. ಇನ್ನೊಂದು, ಟೇಬಲ್ ಸುತ್ತ ಎಲ್ಲರ ಎದುರಿಗೆ ನಡೆದದ್ದು. ರಾಜನಿಗೆ ಒಬ್ಬ ಗುಟ್ಟಿನ ಮಗ ಇದ್ದಾನೆ ಅಂತ ನೀವು ನಾಲ್ಕು ಪುಟ ಬರೆದಿರಬಹುದು. ಆಟಗಾರರ ಕಿವಿಗೆ ಬೀಳುವ ತನಕ ಅವನು ಇಲ್ಲ. ನಾಳೆ ಅವನನ್ನು ಮಗಳು ಮಾಡಬಹುದು, ತೆಗೆದೇ ಹಾಕಬಹುದು. ಆದರೆ ಛತ್ರದ ಯಜಮಾನ ‘ಸೇತುವೆ ಹತ್ತಿರ ರಾತ್ರಿ ಹೋಗಬೇಡಿ’ ಅಂತ ಬಾಯಿಬಿಟ್ಟು ಹೇಳಿದ ಮೇಲೆ ಅದು ಆ ಜಗತ್ತಿನ ಸತ್ಯ. ಇವೆರಡನ್ನೂ ಒಂದೇ ಕಡೆ ಬೆರೆಸಿ ಇಟ್ಟರೆ, ಯಾವುದನ್ನು ಹೇಳಿದ್ದೆ, ಯಾವುದನ್ನು ಬರೀ ಅಂದುಕೊಂಡಿದ್ದೆ ಅನ್ನೋದು ಕೆಲವು ತಿಂಗಳಲ್ಲೇ ಮರೆತುಹೋಗುತ್ತದೆ. ನೋಟ್ಸ್ ಹುಡುಕೋದು ಕಷ್ಟ ಆಗೋದಕ್ಕೆ ಮುಖ್ಯ ಕಾರಣ ಇದೇ ಅಂತ ನನಗನ್ನಿಸುತ್ತದೆ.

ಹಾಗಾಗಿ ನಾನು ನಡೆದದ್ದಕ್ಕೆ ಬೇರೆ ಪುಸ್ತಕ ಇಟ್ಟಿದ್ದೇನೆ. ಅಂಗಡಿಯ ಲೆಕ್ಕದ ಪುಸ್ತಕದ ಥರ. ತಾರೀಕು ಹಾಕಿ ಬರೆಯುತ್ತಾ ಹೋಗುವುದು, ಹಿಂದಿನದನ್ನು ತಿದ್ದುವ ಹಾಗಿಲ್ಲ. ಕಥೆಯ ಹಾಗೆ ಚೆಂದ ಮಾಡಿ ಬರೆಯುವುದೂ ಬೇಡ. ಯಾರಿಗೆ ಏನು ಮಾತು ಕೊಟ್ಟರು, ಯಾರನ್ನು ಜೀವಸಹಿತ ಬಿಟ್ಟರು, ಯಾರ ಸಾಲ ಉಳಿಸಿಕೊಂಡರು, ಹೊಸದಾಗಿ ಯಾವ ಹೆಸರು ಹುಟ್ಟಿತು, ಆಟದ ಒಳಗೆ ಎಷ್ಟು ದಿನ ಕಳೆಯಿತು. ಇಷ್ಟು ಸಾಕು. ಆಟ ಮುಗಿದ ರಾತ್ರಿಯೇ ಬರೆಯಬೇಕು, ಮರುದಿನಕ್ಕೆ ಅರ್ಧ ಹಾರಿಹೋಗಿರುತ್ತದೆ. ಬರೆಯಲು ಸುಸ್ತಾಗಿದ್ದರೆ ಮನೆಗೆ ಹೋಗುವ ದಾರಿಯಲ್ಲಿ ಫೋನಿನಲ್ಲಿ ವಾಯ್ಸ್ ನೋಟ್ ಮಾಡಿಕೊಳ್ಳಿ. ಆಟೋದವರು ಒಮ್ಮೆ ತಿರುಗಿ ನೋಡಬಹುದು. ‘ಹೆಣಕ್ಕೆ ಕಾವಲು ಹಾಕೋದು ಮರೆತರು’ ಅನ್ನೋ ಮಾತು ಕೇಳಿದರೆ ಯಾರಾದರೂ ನೋಡುತ್ತಾರೆ, ಬಿಡಿ.

ಈ ಕೆಲಸದಲ್ಲಿ ಅರ್ಧ ಭಾಗವನ್ನು ಆಟಗಾರರ ತಲೆಗೂ ಕಟ್ಟಬಹುದು. ನಮ್ಮ ಗುಂಪಿನಲ್ಲಿ ಸರದಿ ಪ್ರಕಾರ ಒಬ್ಬರು ವಾಟ್ಸಾಪ್‌ನಲ್ಲಿ ಸಾರಾಂಶ ಹಾಕುತ್ತಾರೆ. ಬರೆದವರಿಗೆ ಮುಂದಿನ ಸಲ ಒಂದು ಇನ್‌ಸ್ಪಿರೇಷನ್, ಅಂದರೆ ಆಟದೊಳಗಿನ ಒಂದು ಬಹುಮಾನ. 2014ರ ನಿಯಮದಲ್ಲಿ ಅದನ್ನು ಬಳಸಿದರೆ ಇಪ್ಪತ್ತು ಮುಖದ ಡೈಸ್ ಎರಡು ಸಲ ಎಸೆದು ದೊಡ್ಡದನ್ನು ಇಟ್ಟುಕೊಳ್ಳಬಹುದು, ಅದಕ್ಕೆ ಯಾರೂ ಬೇಡ ಅನ್ನಲ್ಲ. ನಿಜವಾದ ಲಾಭ ಬೇರೆ ಇದೆ. ನೀವು ಮುಖ್ಯ ಅಂದುಕೊಂಡ ಸುಳಿವು ಸಾರಾಂಶದಲ್ಲಿ ಇಲ್ಲ ಅಂದರೆ ಅದು ಅವರಿಗೆ ತಲುಪಿಲ್ಲ ಅಂತ ಅರ್ಥ. ಸುಮ್ನೆ ಬಂದುಹೋದ ಮೀನು ಮಾರುವ ಅಜ್ಜಿಯ ಬಗ್ಗೆ ಒಂದು ಪ್ಯಾರಾ ಇದ್ದರೆ ಮುಂದಿನ ಸಲ ಅಜ್ಜಿಯನ್ನು ಕರೆತನ್ನಿ.

ಇನ್ನು ಆಟಕ್ಕೆ ಕೂರುವಾಗ ಕೈಯಲ್ಲಿರಬೇಕಾದ್ದು. ಒಂದೇ ಹಾಳೆ. ಎರಡೂ ಬದಿ ಬರೆಯಿರಿ, ಆದರೆ ಒಂದೇ ಹಾಳೆ. ಮೇಲ್ಗಡೆ ಪ್ರತಿ ಪಾತ್ರದ ಹೆಸರು, ಆರ್ಮರ್ ಕ್ಲಾಸ್ (ಏಟು ತಗಲಿಸಲು ಶತ್ರು ಮುಟ್ಟಬೇಕಾದ ಅಂಕ), ಪ್ಯಾಸಿವ್ ಪರ್ಸೆಪ್ಷನ್ (ಡೈಸ್ ಎಸೆಯದೆಯೇ ಸುತ್ತಲಿನದನ್ನು ಗಮನಿಸುವ ಅಂಕ). ಈ ಕೊನೆಯದು ಕಡ್ಡಾಯ ಇರಲಿ. ‘ನಿಮ್ಮ ಪ್ಯಾಸಿವ್ ಪರ್ಸೆಪ್ಷನ್ ಎಷ್ಟು?’ ಅಂತ ಕೇಳಿದ ಕೂಡಲೇ ಬಾಗಿಲ ಹಿಂದೆ ಏನೋ ಇದೆ ಅಂತ ಎಲ್ಲರಿಗೂ ಗೊತ್ತಾಗಿಬಿಡುತ್ತದೆ. ಅದರ ಕೆಳಗೆ ಹಿಂದಿನ ಸಲ ಎಲ್ಲಿ ನಿಂತಿತ್ತು, ಇವತ್ತು ಯಾವ ದೃಶ್ಯದಿಂದ ಶುರು. ಆಮೇಲೆ ಇವತ್ತು ಬರಬಹುದಾದ ಮೂರು ನಾಲ್ಕು ಜನ. ಒಬ್ಬೊಬ್ಬರಿಗೂ ಒಂದೇ ಸಾಲು: ಅವನಿಗೆ ಏನು ಬೇಕು, ಹೇಗೆ ಮಾತಾಡುತ್ತಾನೆ. ವಂಶಾವಳಿ ಬೇಡ. ಮೂಲೆಯಲ್ಲಿ ಯಾರಿಗೂ ಇನ್ನೂ ಇಡದ ಹತ್ತು ಹದಿನೈದು ಹೆಸರುಗಳ ಪಟ್ಟಿ. ದಾರಿಯಲ್ಲಿ ಸಿಕ್ಕ ಗಾಡಿಯವನ ಹೆಸರು ಕೇಳಿದಾಗ ತಡವರಿಸದೆ ಒಂದನ್ನು ಹೊಡೆದುಹಾಕಿ ಪಕ್ಕದಲ್ಲಿ ‘ಗಾಡಿ’ ಅಂತ ಬರೆದರೆ ಆಯಿತು.

ರಾಕ್ಷಸರ ಅಂಕಿಅಂಶ ಕೈಯಾರೆ ನಕಲು ಮಾಡುತ್ತಾ ಕೂರಬೇಡಿ. ಐದನೇ ಆವೃತ್ತಿಯ ಮೂಲ ನಿಯಮಗಳ ದಾಖಲೆ, ಅಂದರೆ ಎಸ್‌ಆರ್‌ಡಿ 5.1, 2023ರ ಜನವರಿಯಿಂದ ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್‌ನಲ್ಲಿ ಇದೆ. ಬೇಕಾದ ರಾಕ್ಷಸನ ಅಂಕಿಅಂಶದ ಪಟ್ಟಿ (ಸ್ಟ್ಯಾಟ್ ಬ್ಲಾಕ್) ಅದರಲ್ಲಿದ್ದರೆ ಕಾಪಿ ಮಾಡಿ ಪ್ರಿಂಟ್ ತೆಗೆಯಬಹುದು. ಮೂಲ ಯಾವುದು ಅಂತ ಹೇಳಿದರೆ ಕನ್ನಡಕ್ಕೆ ಮಾಡಿ ಹಂಚುವುದಕ್ಕೂ ಅಡ್ಡಿಯಿಲ್ಲ.

ನಮ್ಮಲ್ಲಿ ಮಾತ್ರ ಬರುವ ಒಂದು ತಲೆನೋವು ಇದೆ, ಇದನ್ನು ಇಂಗ್ಲಿಷ್ ವಿಡಿಯೋಗಳಲ್ಲಿ ಯಾರೂ ಹೇಳಲ್ಲ. ನಾವು ಅರ್ಧ ಕನ್ನಡದಲ್ಲಿ, ಅರ್ಧ ಇಂಗ್ಲಿಷ್‌ನಲ್ಲಿ ಬರೆಯುತ್ತೇವೆ. ‘ಚೌಡಯ್ಯ’ ಒಂದು ಕಡೆ ಕನ್ನಡ ಲಿಪಿಯಲ್ಲಿ, ಇನ್ನೊಂದು ಕಡೆ ಇಂಗ್ಲಿಷ್ ಅಕ್ಷರದಲ್ಲಿ, ಅದೂ ಎರಡು ಮೂರು ಸ್ಪೆಲ್ಲಿಂಗ್. ಸರ್ಚ್ ಮಾಡಿದರೆ ಎಲ್ಲಿ ಸಿಗಬೇಕು? ಹೆಸರುಗಳಿಗೆ ಒಂದೇ ಲಿಪಿ ಅಂತ ಇವತ್ತೇ ತೀರ್ಮಾನ ಮಾಡಿ. ಉಳಿದ ವಾಕ್ಯ ಹೇಗಾದರೂ ಇರಲಿ. ಇನ್ನೊಂದು, ಆಟಗಾರರು ಕರೆಯುವ ಅಡ್ಡಹೆಸರನ್ನೂ ಪಕ್ಕದಲ್ಲಿ ಬರೆಯಿರಿ. ನೀವು ಪ್ರೀತಿಯಿಂದ ‘ಸೇನಾಪತಿ ವೀರಭದ್ರ ನಾಯಕ’ ಅಂತ ಹೆಸರಿಟ್ಟಿರುತ್ತೀರಿ, ಅವರಿಗೆ ಅವನು ಕೊನೆಯವರೆಗೂ ‘ಮೀಸೆ ಮಾಮ’. ಆರು ತಿಂಗಳ ಮೇಲೆ ‘ಮೀಸೆ ಮಾಮನ ಹತ್ರ ಹೋಗೋಣ’ ಅಂದಾಗ ನೀವು ಹುಡುಕಬೇಕಾದ್ದು ಆ ಹೆಸರನ್ನೇ ಅಲ್ವಾ?

ಸುಳಿವುಗಳನ್ನು ಜಾಗಕ್ಕೆ ಕಟ್ಟಿಹಾಕಿ ಬರೆಯಬೇಡಿ. ನಮ್ಮ ಕ್ಯಾಂಪೇನ್‌ನಲ್ಲಿ ಒಂದು ಬಂದರು ಇದೆ. ದೀಪಸ್ತಂಭದ ಕಾವಲುಗಾರ ದುಡ್ಡು ತಿಂದು ದೀಪ ಆರಿಸುತ್ತಾನೆ, ಹಡಗು ಬಂಡೆಗೆ ಬಡಿಯುತ್ತದೆ. ಇದನ್ನು ‘ದೀಪಸ್ತಂಭದ ಮೇಜಿನ ಡ್ರಾಯರ್‌ನಲ್ಲಿ ಪತ್ರ’ ಅಂತ ಬರೆದಿಟ್ಟರೆ, ಅವರು ದೀಪಸ್ತಂಭ ಹತ್ತದಿದ್ದರೆ ಕಥೆ ಅಲ್ಲೇ ನಿಂತಿತು. ಜಸ್ಟಿನ್ ಅಲೆಕ್ಸಾಂಡರ್ ಅನ್ನುವ ಜಿಎಂ 2008ರಲ್ಲಿ ಬರೆದ ಮೂರು ಸುಳಿವಿನ ನಿಯಮ ಇಲ್ಲಿ ಕೆಲಸಕ್ಕೆ ಬರುತ್ತದೆ: ಆಟಗಾರರಿಗೆ ಹೊಳೆಯಲೇಬೇಕಾದ ಪ್ರತಿಯೊಂದು ವಿಷಯಕ್ಕೂ ಕಡಿಮೆ ಅಂದರೆ ಮೂರು ಸುಳಿವು ಇರಲಿ. ಮೈಕ್ ಶೇ ಅನ್ನುವ ಇನ್ನೊಬ್ಬ ಜಿಎಂ ಪ್ರತಿ ಸೆಷನ್‌ಗೂ ಹತ್ತು ಗುಟ್ಟು ಬರೆದುಕೊಳ್ಳಿ, ಅವು ಎಲ್ಲಿ ಸಿಗುತ್ತವೆ ಅಂತ ಮೊದಲೇ ನಿರ್ಧರಿಸಬೇಡಿ ಅನ್ನುತ್ತಾರೆ. ನಾನು ಎರಡನ್ನೂ ಸೇರಿಸಿ ಒಂದು ಚಿಕ್ಕ ಪಟ್ಟಿ ಮಾಡುತ್ತೇನೆ. ಎಡಕ್ಕೆ ಗುಟ್ಟು, ಬಲಕ್ಕೆ ಖಾಲಿ. ಯಾರ ಬಾಯಿಂದ, ಎಲ್ಲಿ ಹೊರಬಂತು ಅಂತ ಆಟದ ಹೊತ್ತಲ್ಲೇ ಬಲಕ್ಕೆ ಗೀಚುತ್ತೇನೆ. ಕಾವಲುಗಾರನ ವಿಷಯ ಅವರಿಗೆ ತಿಳಿದದ್ದು ಹೆಂಡದಂಗಡಿಯಲ್ಲಿ, ಅವನ ಭಾವಮೈದುನನಿಂದ. ಅಂಥ ಭಾವಮೈದುನ ಇದ್ದಾನೆ ಅಂತ ಆ ಕ್ಷಣದವರೆಗೆ ನನಗೂ ಗೊತ್ತಿರಲಿಲ್ಲ.

ಕಾಲದ ಲೆಕ್ಕ ಇಡಿ. ಕಾಲದ ಲೆಕ್ಕ ಕಟ್ಟುನಿಟ್ಟಾಗಿರಬೇಕು ಅಂತ ಈ ಆಟವನ್ನು ಹುಟ್ಟುಹಾಕಿದವರಲ್ಲಿ ಒಬ್ಬರಾದ ಗ್ಯಾರಿ ಗೈಗ್ಯಾಕ್ಸ್ 1979ರಲ್ಲೇ ಒತ್ತಿ ಹೇಳಿದ್ದರು. ಸಾಮಾನ್ಯ ನಡಿಗೆಯಲ್ಲಿ ದಿನಕ್ಕೆ 24 ಮೈಲಿ ಅಂತ ನಿಯಮ ಇದೆ. ನಿಮ್ಮ ಎರಡು ಊರಿನ ನಡುವೆ ನೂರು ಮೈಲಿ ಇದ್ದರೆ ಹೋಗಿಬರುವಷ್ಟರಲ್ಲಿ ಒಂದು ವಾರಕ್ಕಿಂತ ಜಾಸ್ತಿ ಆಗುತ್ತದೆ. ಅಷ್ಟು ದಿನ ಖಳನಾಯಕ ಕೈಕಟ್ಟಿ ಕೂರುತ್ತಾನಾ? ಬ್ಲೇಡ್ಸ್ ಇನ್ ದ ಡಾರ್ಕ್ ಆಟದ ಗಡಿಯಾರ ಇದಕ್ಕೆ ಚೆನ್ನಾಗಿ ಒಗ್ಗುತ್ತದೆ. ಒಂದು ವೃತ್ತ ಬರೆದು ನಾಲ್ಕೋ ಆರೋ ಎಂಟೋ ಭಾಗ ಮಾಡಿ. ಪ್ರತಿ ಭಾಗ ತುಂಬಿದಾಗ ಶತ್ರು ಒಂದು ಹೆಜ್ಜೆ ಮುಂದೆ. ಇಂಥ ಎರಡು ಮೂರು ವೃತ್ತ ಅದೇ ಹಾಳೆಯ ಹಿಂಬದಿಯಲ್ಲಿ ಇದ್ದರೆ ‘ನಾವಿಲ್ಲದಾಗ ಊರಲ್ಲಿ ಏನಾಯಿತು?’ ಅನ್ನುವುದಕ್ಕೆ ಉತ್ತರ ತಯಾರಿರುತ್ತದೆ.

ಈಗ ಆ್ಯಪ್. ನಾನು ಬಳಸುವುದು ಆಬ್ಸಿಡಿಯನ್. ಫೈಲುಗಳು ನಿಮ್ಮ ಕಂಪ್ಯೂಟರ್‌ನಲ್ಲೇ ಸಾದಾ ಟೆಕ್ಸ್ಟ್ ಆಗಿ ಇರುತ್ತವೆ, ಇಂಟರ್ನೆಟ್ ಬೇಕಿಲ್ಲ, ಒಂದು ಪುಟದಿಂದ ಇನ್ನೊಂದಕ್ಕೆ ಲಿಂಕ್ ಕೊಡುವುದು ಸುಲಭ. ಒಂದೇ ಪುಟಕ್ಕೆ ಹಲವು ಹೆಸರು ಕೊಡುವ ಸೌಲಭ್ಯವೂ ಇದೆ, ಮೀಸೆ ಮಾಮನಿಗೆ ಹೇಳಿ ಮಾಡಿಸಿದ ಹಾಗೆ. ನಕ್ಷೆ ಗೀಚುವವರಿಗೆ ಒನ್‌ನೋಟ್ ಇಷ್ಟವಾಗಬಹುದು. ಆನ್‌ಲೈನ್‌ನಲ್ಲಿ ಆಡುವವರಾದರೆ ರೋಲ್20 ಅಥವಾ ಫೌಂಡ್ರಿಯ ಒಳಗಿನ ಜರ್ನಲ್‌ನಲ್ಲೇ ಬರೆಯುವುದು ಒಳ್ಳೆಯದು. ಫೌಂಡ್ರಿಗೆ ಜಿಎಂ ಒಬ್ಬರೇ ಒಂದು ಸಲ ದುಡ್ಡು ಕೊಟ್ಟರೆ ಸಾಕು. ವರ್ಲ್ಡ್ ಆನ್ವಿಲ್ ಥರದ ಜಗತ್ತು ಕಟ್ಟುವ ಸೈಟುಗಳ ಬಗ್ಗೆ ನನಗೆ ಸ್ವಲ್ಪ ಅನುಮಾನ. ಅಲ್ಲಿ ಖಾಲಿ ಜಾಗಗಳು ಜಾಸ್ತಿ: ಧರ್ಮ ಯಾವುದು, ನಾಣ್ಯ ಯಾವುದು, ಹಬ್ಬ ಯಾವುದು. ತುಂಬುತ್ತಾ ಕೂತರೆ ಆಟದ ಶನಿವಾರ ಬಂದೇಬಿಡುತ್ತದೆ, ಆ ದಿನದ ಹಾಳೆ ಮಾತ್ರ ಖಾಲಿ. ಬರೆಯುವ ಖುಷಿಗೇ ಬರೆಯುವವರಿಗೆ ಅದು ಸರಿ, ತಯಾರಿಗೆ ಅಲ್ಲ. ಟೇಬಲ್ ಹತ್ತಿರ ಲ್ಯಾಪ್‌ಟಾಪ್ ಕೂಡ ನನಗೆ ಹಿಡಿಸಲ್ಲ, ಪರದೆ ನೋಡುವ ಹೊತ್ತಿಗೆ ಎದುರಿನವರ ಮುಖ ತಪ್ಪುತ್ತದೆ. ಇನಿಶಿಯೇಟಿವ್‌ಗೆ (ಕಾದಾಟದಲ್ಲಿ ಯಾರ ನಂತರ ಯಾರ ಸರದಿ ಅನ್ನುವ ಕ್ರಮಕ್ಕೆ) ಅಂತೂ ಮಡಚಿದ ಚೀಟಿಗಳನ್ನು ಜಿಎಂ ಸ್ಕ್ರೀನ್, ಅಂದರೆ ನೋಟ್ಸ್ ಮರೆಮಾಡಲು ಮುಂದೆ ನಿಲ್ಲಿಸುವ ರಟ್ಟಿನ ಅಡ್ಡ, ಅದರ ಮೇಲೆ ಸಾಲಾಗಿ ಸಿಕ್ಕಿಸುವುದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ನಿಮ್ಮ ಹಳೆಯ ನೋಟ್ಸ್ ಮೂರು ಕಡೆ ಇವೆ ಅಂದಿರಿ. ಎಲ್ಲವನ್ನೂ ಒಂದೆಡೆ ತರಲು ಹೋಗಬೇಡಿ, ಅದು ಮುಗಿಯುವ ಕೆಲಸವಲ್ಲ. ಇವತ್ತು ಗುಂಪಿನಲ್ಲಿ ಒಂದು ಮೆಸೇಜ್ ಹಾಕಿ: ‘ಇಲ್ಲಿಯವರೆಗೆ ಯಾರ್ಯಾರು ನೆನಪಿದ್ದಾರೆ, ಯಾವ ಕೆಲಸ ಬಾಕಿ ಇದೆ, ಯಾರ ಮೇಲೆ ಸಿಟ್ಟಿದೆ?’ ಐದು ಜನರ ಉತ್ತರ ಸೇರಿಸಿದರೆ ಅದೇ ನಿಮ್ಮ ಲೆಕ್ಕದ ಪುಸ್ತಕದ ಮೊದಲ ಪುಟ. ಹಳೆಯ ಡಾಕ್ಸ್ ಅಲ್ಲೇ ಇರಲಿ, ಬೇಕಾದಾಗ ಒಂದೊಂದೇ ಎತ್ತಿಕೊಳ್ಳಿ. ಅವರಿಗೆ ನೆನಪಿಲ್ಲದ್ದನ್ನು ಹೊಸದು ಅಂತಲೇ ಮತ್ತೆ ಬಳಸಬಹುದು, ಯಾರಿಗೂ ಗೊತ್ತಾಗಲ್ಲ.